ತಪ್ಪಿದ್ದರೆ ಟೈಪ್ ಮಾಡಿದವರದು

ದೀಪಾವಳಿ ಬಂತೆಂದರೆ ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದಿನ ಎಂಜಿನಿಯರುಗಳು ಬೆಂಗಳೂರಿನಿಂದ ಊರಿಗೆ ಇಳಿಯುತ್ತಾರೆ. ಚಿಂಚೋಳಿಯವರು ಹೈದರಾಬಾದಿನಿಂದ ಬರುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿಗೆ ಸ್ಟಿಕ್ಕರ್. ಸ್ಟಿಕ್ಕರ್ ನೋಡಿದರೆ ಸಾಕು, ಮತ ಗೊತ್ತಾಗುತ್ತದೆ. ಇವನು ವಿಮ್. ಅವನು ಈಮ್ಯಾಕ್ಸ್. ಮೂಲೆಯಲ್ಲಿ ಕೂತವನು ವಿಎಸ್ ಕೋಡ್. ಅವನನ್ನು ಮೊದಲಿನ ಇಬ್ಬರೂ ಪಂಕ್ತಿಗೆ ಸೇರಿಸುವುದಿಲ್ಲ.

ಊರಲ್ಲಿ ತೊಗರಿಗೆ ನೆಟೆ ರೋಗ ಬಿದ್ದಿದೆ. ಅಪ್ಪ ಪಹಣಿಯಲ್ಲಿ ಹೆಸರು ತಿದ್ದಿಸಲು ಅಲೆಯುತ್ತಿದ್ದಾನೆ. ಮಗ ಚಹಾದಂಗಡಿಯಲ್ಲಿ ಕೂತು ಜಗತ್ತಿನ ಶ್ರೇಷ್ಠ ಎಡಿಟರ್ ಯಾವುದೆಂದು ತೀರ್ಪು ಕೊಡುತ್ತಿದ್ದಾನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗುಂಡಿ ಒತ್ತಿದರೆ ಅಕ್ಷರ ಮೂಡಿಸುವ, ಇನ್ನೊಂದು ಒತ್ತಿದರೆ ಅಳಿಸುವ ತಂತ್ರಾಂಶಕ್ಕೆ ಎಡಿಟರ್ ಅನ್ನುತ್ತಾರೆ. ಅದರ ಘನಕಾರ್ಯ ಅಷ್ಟೇ. ಅದಕ್ಕಾಗಿ ಹತ್ತಿರ ಹತ್ತಿರ ಐವತ್ತು ವರ್ಷದಿಂದ ಬಡಿದಾಟ ನಡೆದಿದೆ.

1976ರ ಆಸುಪಾಸಿನಲ್ಲಿ ಅಮೆರಿಕದ ಒಂದು ತುದಿಯಲ್ಲಿ ಬಿಲ್ ಜಾಯ್ ಎಂಬಾತ ವಿಐ ಬರೆದ. ಇನ್ನೊಂದು ತುದಿಯ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಗೆಳೆಯರು ಈಮ್ಯಾಕ್ಸ್ ಕಟ್ಟಿದರು. ಅಲ್ಲಿಗೆ ಎರಡು ಮಠ ಸ್ಥಾಪನೆಯಾದವು. ಸ್ಟಾಲ್ಮನ್ ಅಂತೂ ನಿಲುವಂಗಿ ತೊಟ್ಟು, ತಲೆಗೆ ಹಳೆಯ ಡಿಸ್ಕಿನ ತಟ್ಟೆಯನ್ನು ಪ್ರಭಾವಳಿಯಂತೆ ಸಿಕ್ಕಿಸಿಕೊಂಡು ಈಮ್ಯಾಕ್ಸ್ ಸಂತನ ವೇಷದಲ್ಲಿ ವೇದಿಕೆ ಹತ್ತುತ್ತಿದ್ದ. ಅವನದು ತಮಾಷೆ. ಶಿಷ್ಯರಿಗೆ ತಮಾಷೆ ತಿಳಿಯಲಿಲ್ಲ.

1991ರಲ್ಲಿ ಬ್ರಾಮ್ ಮೂಲೆನಾರ್ ಎಂಬ ಡಚ್ಚಿನವನು ವಿಐಗೆ ಹೊಸ ರೂಪ ಕೊಟ್ಟು ವಿಮ್ ಹೊರತಂದ. ಅದರ ಮಹಿಮೆ ಎಂಥದ್ದೆಂದರೆ, ಒಳಗೆ ಹೋದವನಿಗೆ ಹೊರಗೆ ಬರಲು ದಾರಿ ತಿಳಿಯುವುದಿಲ್ಲ. ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು 2017ರ ಹೊತ್ತಿಗೆ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ತೆರೆದು ನೋಡಲಾಗಿತ್ತು. ಇದನ್ನು ದೋಷ ಅನ್ನಬೇಡಿ. ಭಕ್ತರು ದೀಕ್ಷೆ ಅನ್ನುತ್ತಾರೆ.

ಆ ಬ್ರಾಮ್ 2023ರಲ್ಲಿ ತೀರಿಕೊಂಡ. ಅವನು ತನ್ನ ತಂತ್ರಾಂಶಕ್ಕೆ ಬೆಲೆ ಇಟ್ಟಿರಲಿಲ್ಲ. ಕಡತ ಹೆಸರಿಸದೆ ತೆರೆದರೆ ಮೊದಲ ಪರದೆಯ ಮೇಲೇ ಒಂದು ಕೋರಿಕೆ ಇರುತ್ತಿತ್ತು: ಉಗಾಂಡದ ಬಡ ಮಕ್ಕಳಿಗೆ ನೆರವಾಗಿ. ವಿಮ್ ಬಿಟ್ಟರೆ ಬೇರೆ ಬಾಳಿಲ್ಲ ಎಂದು ಎದೆ ತಟ್ಟಿಕೊಳ್ಳುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಒಂದು ರೂಪಾಯಿ ಕಳಿಸಿದ್ದಾರೆ ಕೇಳಿ. ಆ ಸಾಲನ್ನೇ ಓದಿಲ್ಲ. ಬಣ್ಣ ಯಾವುದಿಡಲಿ ಎಂಬ ಚಿಂತೆಯಲ್ಲಿದ್ದರು.

ಕಪ್ಪು ಹಿನ್ನೆಲೆಯೋ ಬಿಳಿ ಹಿನ್ನೆಲೆಯೋ ಎಂಬುದು ಇನ್ನೊಂದು ಯುದ್ಧ. ಖಾಲಿ ಜಾಗ ಬಿಡಲು ಟ್ಯಾಬ್ ಒತ್ತಬೇಕೋ ಸ್ಪೇಸ್ ಒತ್ತಬೇಕೋ ಎಂಬುದು ಮತ್ತೊಂದು. ಕೈ ಮೌಸಿಗೆ ಹೋಗಿ ಬರುವ ಅರ್ಧ ಸೆಕೆಂಡ್ ಉಳಿಸಲು ಇಡೀ ಭಾನುವಾರ ಸೆಟ್ಟಿಂಗ್ ತಿದ್ದುತ್ತಾರೆ. ಟಕಟಕ ಸದ್ದು ಮಾಡುವ ಕೀಲಿಮಣೆಗೆ ಹತ್ತು ಸಾವಿರ ಸುರಿಯುತ್ತಾರೆ. ಅದೇ ಸದ್ದು ಹಿಂದೆ ತಹಸೀಲ್ ಕಚೇರಿಯ ಟೈಪಿಸ್ಟರ ಮೇಜಿನಿಂದ ಪುಕ್ಕಟೆ ಬರುತ್ತಿತ್ತು.

ಇದರ ನಡುವೆ 2015ರಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ತಂದಿತು. ಕೆಲಸ ಇರುವವರು ಸದ್ದಿಲ್ಲದೆ ಅದಕ್ಕೆ ಹೋದರು. ಸ್ಟಾಕ್ ಓವರ್‌ಫ್ಲೋದ ವಾರ್ಷಿಕ ಸಮೀಕ್ಷೆಯಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಅದರ ಹೆಸರು ಬರೆಯುತ್ತಾರೆ. ಉಳಿದವರಿಗೆ ಜಗಳ ಮಾಡಲು ಇನ್ನಷ್ಟು ಹುರುಪು ಬಂತು. ಮೈಕ್ರೋಸಾಫ್ಟ್ ಬಂಡವಾಳಶಾಹಿ, ಅದನ್ನು ಮುಟ್ಟಲಾರೆ ಎನ್ನುತ್ತಾನೆ ಒಬ್ಬ. ಅವನ ಸಂಬಳ ಬರುವುದು ಅಮೆರಿಕದ ಇನ್ನೊಂದು ಕಂಪನಿಯಿಂದ.

ಈಗ ಒಂದು ಸಣ್ಣ ಪರೀಕ್ಷೆ. ಈ ಶ್ರೇಷ್ಠರ ಶ್ರೇಷ್ಠ ವಿಮ್ ಅನ್ನು ಟರ್ಮಿನಲ್ಲಿನ ಕಪ್ಪು ಕಿಟಕಿಯಲ್ಲಿ ತೆರೆಯಿರಿ. ನಮ್ಮ ಊರುಗಳ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಸೇಡಂ, ವಾಡಿ, ಚಿಂಚೋಳಿ, ಶಹಾಬಾದ್ ಹೇಗೋ ಕುಂಟಿಕೊಂಡು ಬರಬಹುದು. ಚಿತ್ತಾಪುರಕ್ಕೆ ಬಂದಾಗ ನೋಡಿ. ಐದರಲ್ಲಿ ಒತ್ತಕ್ಷರ ಇರುವುದು ಅದಕ್ಕೊಂದಕ್ಕೇ. ಬಹುಪಾಲು ಟರ್ಮಿನಲ್‌ಗಳಲ್ಲಿ ತಕಾರದ ಒತ್ತು ಕೆಳಗೆ ಕೂರುವುದಿಲ್ಲ. ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಕಾರಣ ಸರಳ. ಆ ಕಿಟಕಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಕೊಡುತ್ತದೆ. ಇಂಗ್ಲಿಷಿಗೆ ಅದು ಸಾಕು. ನಮ್ಮ ಅಕ್ಷರ ಕೆಳಗೂ ಬೆಳೆಯುತ್ತದೆ, ಬದಿಗೂ ಬೆಳೆಯುತ್ತದೆ.

ಚಿತ್ತಾಪುರ ಸಾಮಾನ್ಯ ಕ್ಷೇತ್ರವಲ್ಲ. ರಾಜ್ಯಕ್ಕೆ ಎರಡು ಸಲ ಐಟಿ-ಬಿಟಿ ಸಚಿವರನ್ನು ಕೊಟ್ಟಿದೆ. 2016ರಲ್ಲೊಮ್ಮೆ, 2023ರಲ್ಲೊಮ್ಮೆ. ಎರಡು ಸಲವೂ ಪ್ರಿಯಾಂಕ್ ಖರ್ಗೆ. ಐಟಿ ಸಚಿವರನ್ನು ಕೊಟ್ಟ ಊರಿನ ಹೆಸರನ್ನು ನೆಟ್ಟಗೆ ತೋರಿಸಲಾರದ ಎಡಿಟರು ಜಗತ್ತಿಗೇ ಶ್ರೇಷ್ಠ ಎಂದು ಅದೇ ಊರಿನ ಹುಡುಗ ಮೇಜು ಕುಟ್ಟುತ್ತಾನೆ.

ಈಮ್ಯಾಕ್ಸಿನವರು ನಗುವುದು ಬೇಡ. ನಿಮ್ಮದರಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಒಪ್ಪಿದೆ. ಹಲೋ ಎಂಬ ಕಡತದಲ್ಲಿ ಜಗತ್ತಿನ ಭಾಷೆಗಳ ಜೊತೆಗೆ ನಮ್ಮ ನಮಸ್ಕಾರವೂ ಇದೆ. ಆ ಒಂದು ನಮಸ್ಕಾರದ ಫೋಟೊ ತೆಗೆದು ಎಲ್ಲರಿಗೂ ಕಳಿಸಿದಿರಿ. ಆಮೇಲೆ ಅದರಲ್ಲಿ ಕನ್ನಡದ ಎರಡನೆಯ ಪದ ಬರೆದಿದ್ದು ಯಾವಾಗ?

ಬರೆದಿಲ್ಲ. ಅಪ್ಪನಿಗೆ ಕಳಿಸುವ ವಾಟ್ಸ್‌ಆಪ್ ಕೂಡ ಇಂಗ್ಲಿಷ್ ಅಕ್ಷರದಲ್ಲಿ. ಅಪ್ಪನಿಗೆ ಅದು ಓದಲು ಬರುವುದಿಲ್ಲ. ಅವನು ಧ್ವನಿ ಸಂದೇಶ ಕಳಿಸುತ್ತಾನೆ. ಮಗನಿಗೆ ಅದು ಕೇಳಲು ಪುರುಸೊತ್ತಿಲ್ಲ.

ಎಂಜಿನಿಯರುಗಳನ್ನು ಬೈದದ್ದಕ್ಕೆ ಡಿಟಿಪಿಯವರು, ಕಚೇರಿಯವರು, ಪ್ರೆಸ್ಸಿನವರು ಖುಷಿಪಟ್ಟಿರಬಹುದು. ಸ್ವಲ್ಪ ತಡೆಯಿರಿ. ನಿಮ್ಮ ಮಠವೂ ಇದೆ.

1998ರಲ್ಲಿ ಶೇಷಾದ್ರಿವಾಸು ಕನ್ನಡ ಟೈಪ್ ಮಾಡುವ ‘ಬರಹ’ ತಂತ್ರಾಂಶ ಹೊರತಂದರು. ಕೆಲವೇ ವರ್ಷಗಳಲ್ಲಿ ಸರಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎರಡೂ ಒಳ್ಳೆಯ ಕೆಲಸ. ಎರಡೂ ಇಲ್ಲದಿದ್ದರೆ ಕಲಬುರಗಿ ಜಿಲ್ಲೆಯ ಅರ್ಧ ಝೆರಾಕ್ಸ್ ಅಂಗಡಿಗಳಿಗೆ ಬಾಗಿಲೇ ಇರುತ್ತಿರಲಿಲ್ಲ. ಆದರೆ ನಾವು ಸುಮ್ಮನೆ ಬರೆಯುತ್ತ ಕೂರುವ ಜನವೇ? ನುಡಿ ಸರಕಾರದ್ದು, ಆದ್ದರಿಂದ ಶುದ್ಧ. ಬರಹ ಸುಲಭ, ಆದ್ದರಿಂದ ಜನರದ್ದು. ನುಡಿಯವರು ಬರಹದವರನ್ನು ಕಂಗ್ಲಿಷಿನವರು ಅಂದರು. ಬರಹದವರು ನುಡಿಯವರನ್ನು ಗುಮಾಸ್ತರು ಅಂದರು.

ಒತ್ತಕ್ಷರಕ್ಕೆ ಎಫ್ ಒತ್ತಬೇಕು ಎನ್ನುತ್ತದೆ ಕೆ.ಪಿ. ರಾವ್ ವಿನ್ಯಾಸ. ಡಿ ಒತ್ತಬೇಕು ಎನ್ನುತ್ತದೆ ಇನ್‌ಸ್ಕ್ರಿಪ್ಟ್. ಏನೂ ಒತ್ತಬೇಡ, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀಯೋ ಹಾಗೇ ಬರೆ ಎನ್ನುತ್ತದೆ ಬರಹ. ಅನಂತಸುಬ್ಬರಾಯರ ಟೈಪ್‌ರೈಟರ್ ಕೀಲಿಮಣೆಯಲ್ಲಿ ಸೀನಿಯರ್ ಪರೀಕ್ಷೆ ಪಾಸಾದ ಹಿರಿಯರು ಈ ಮೂವರನ್ನೂ ಎಳಸುಗಳೆಂದು ನೋಡುತ್ತಾರೆ. ಕೆ.ಪಿ. ರಾವ್ 1980ರ ದಶಕದಲ್ಲಿ ಸೇಡಿಯಾಪು ಎಂಬ ತಂತ್ರಾಂಶ ಮಾಡಿದಾಗ ಜಗಳಕ್ಕೆಂದು ಮಾಡಿರಲಿಲ್ಲ. ಕನ್ನಡದ ಇಷ್ಟೊಂದು ಅಕ್ಷರಗಳನ್ನು ಇಂಗ್ಲಿಷಿನ 26 ಗುಂಡಿಗಳ ಮೇಲೆ ಕೂರಿಸಿದ ಬುದ್ಧಿ ಅದು. ಸರಕಾರ ಆ ವಿನ್ಯಾಸವನ್ನೇ ಒಪ್ಪಿಕೊಂಡಿತು. ಒಪ್ಪಿದ ಮೇಲೆ ಜಗಳ ಮುಗಿಯಬೇಕಿತ್ತು. ನಮ್ಮಲ್ಲಿ ಶುರುವಾಗುವುದೇ ಆಗ.

ತಮಾಷೆ ಕೇಳಿ. ಈ ನುಡಿ ಮತ್ತು ಬರಹದ ಹಳೆಯ ಫಾಂಟುಗಳು ಒಳಗೆ ಹೆಚ್ಚುಕಡಿಮೆ ಒಂದೇ ಸಂಕೇತ ಬಳಸುತ್ತವೆ. ಹಳೆಯ ಕಡತವನ್ನು ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತಕ್ಕೆ ಬದಲಿಸುವ ಪರಿವರ್ತಕಗಳು ಎರಡನ್ನೂ ಒಂದೇ ಬಾಗಿಲಲ್ಲಿ ಒಳಗೆ ಬಿಟ್ಟುಕೊಳ್ಳುತ್ತವೆ. ಹೊರಗೆ ಕೊರಳಪಟ್ಟಿ ಹಿಡಿದವರು ಒಳಗೆ ದಾಯಾದಿಗಳೂ ಅಲ್ಲ, ಅವಳಿಗಳು.

ಅವಳಿಗಳ ಗುಟ್ಟು ಇನ್ನೂ ಇದೆ. ಆ ಹಳೆಯ ಕಡತದಲ್ಲಿ ಕನ್ನಡವೇ ಇರುವುದಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ರೋಮನ್ ಅಕ್ಷರ, ಫಾಂಟು ಅದಕ್ಕೆ ಕನ್ನಡದ ಮುಖವಾಡ ಹಾಕುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮುಖವಾಡ ಕಳಚುತ್ತದೆ. ಕನ್ನಡ ಎಂಬ ಪದವನ್ನೇ ತೆಗೆದುಕೊಳ್ಳಿ. ಕಕಾರದ ಜಾಗದಲ್ಲಿ ಇಂಗ್ಲಿಷಿನ ಪಿ. ನಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತು. ನಕಾರದ ಒತ್ತಿಗೆ ಜರ್ಮನರ ಎಸ್. ಡಕಾರಕ್ಕೆ ಕ್ಯೂ. ನವೆಂಬರ್ 1ಕ್ಕೆ ಕೆಂಪು ಹಳದಿ ಶಾಲು ಹೊದ್ದು ಕನ್ನಡ ಉಳಿಸಿ ಎಂದು ಭಾಷಣ ಮಾಡುವವರ ಭಾಷಣದ ಪ್ರತಿ ಇದರಲ್ಲೇ ಇರುತ್ತದೆ. ಪೌಂಡಿನಲ್ಲಿ.

ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಕಡತ ಎಲ್ಲಿ ತೆರೆದರೂ ಕ ಅಂದರೆ ಕ. ಸರಕಾರವೂ ಯೂನಿಕೋಡ್ ಬಳಸಿ ಎಂದು ಹೇಳಿ ಎಷ್ಟೋ ವರ್ಷವಾಯಿತು. ಹೇಳಿದ ಸುತ್ತೋಲೆ ಹೇಗೆ ಬರುತ್ತದೆ? ನುಡಿಯಲ್ಲಿ ಟೈಪಾಗಿ, ಪ್ರಿಂಟಾಗಿ, ಸೀಲು ಬಿದ್ದು, ಸ್ಕ್ಯಾನಾಗಿ, ಸೊಟ್ಟಗೆ ತಿರುಗಿದ ಪಿಡಿಎಫ್ ಆಗಿ. ಅದರಲ್ಲಿ ಒಂದು ಪದ ಹುಡುಕಬೇಕಾದರೆ ಕತ್ತು ವಾಲಿಸಿ ಕಣ್ಣಲ್ಲೇ ಹುಡುಕಬೇಕು.

2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಬೋರ್ಡು ಬದಲಾಯಿತು, ಲೆಟರ್‌ಹೆಡ್ ಬದಲಾಯಿತು. ಫಾಂಟ್ ಬದಲಾಗಲಿಲ್ಲ.

ನಮ್ಮ ಕಡೆಯ ಪ್ರೆಸ್ಸುಗಳ ಕಥೆ ಬೇರೆ. ಅವು ಪುಟ ಕೂಡಿಸುವುದು ಪೇಜ್‌ಮೇಕರಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದರಾಚೆಗೆ ಕಂಪನಿ ಅದರ ಹೊಸ ಮುಖ್ಯ ಆವೃತ್ತಿ ಹೊರತರಲೇ ಇಲ್ಲ. ಅದಕ್ಕೆ ಯೂನಿಕೋಡ್ ತಿಳಿಯದು. ಅದು ಹುಟ್ಟಿದ ವರ್ಷ ಹುಟ್ಟಿದ ಮಗುವಿನ ಲಗ್ನಪತ್ರಿಕೆಯನ್ನು ಈಗ ಅದರಲ್ಲೇ ಕೂಡಿಸುತ್ತಿದ್ದಾರೆ.

ವಾಡಿ ಜಂಕ್ಷನ್ನಿನಲ್ಲಿ ನಿಂತು ನೋಡಿ. ಮುಂಬಯಿ ಕಡೆಯದು, ಚೆನ್ನೈ ಕಡೆಯದು, ಹೈದರಾಬಾದ್ ಕಡೆಯದು, ಮೂರು ದಿಕ್ಕಿನ ಗಾಡಿಗಳೂ ಒಂದೇ ಅಗಲದ ಹಳಿಯ ಮೇಲೆ ಹೋಗುತ್ತವೆ. ಎಂಜಿನ್ ಯಾರದ್ದಾದರೂ ಇರಲಿ. ನಮ್ಮ ಅಕ್ಷರಕ್ಕೂ ಅಂಥ ಹಳಿ ಹಾಕಿಟ್ಟು ಮೂರು ದಶಕ ದಾಟಿತು. ನಾವು ಹಳಿಯ ಪಕ್ಕ ನಿಂತು ಎಂಜಿನ್ನಿನ ಬಣ್ಣಕ್ಕೆ ಬಡಿದಾಡುತ್ತಿದ್ದೇವೆ.

ಬಡಿದಾಟದ ಬಿಲ್ಲು ಬರುವುದು ಯಾರ ಮನೆಗೆ? ಪಹಣಿ ತಿದ್ದಿಸಲು ಅಲೆಯುತ್ತಿರುವ ಆ ಅಪ್ಪನ ಮನೆಗೆ. ನಮ್ಮ ಕಡೆ ಮನೆಗೊಬ್ಬ ಮಲ್ಲಿಕಾರ್ಜುನ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ಅರೆಬೆಂದ ಪರಿವರ್ತಕ ಅದನ್ನು ದಾರಿಯಲ್ಲಿ ಉದುರಿಸಿಬಿಡುತ್ತದೆ. ಮಲ್ಲಿಕಾರ್ಜುನ ಮಲ್ಲಿಕಾಜುನ ಆಗುತ್ತಾನೆ. ಆಧಾರಿನಲ್ಲಿ ಒಬ್ಬ, ಕಾಗದದಲ್ಲಿ ಇನ್ನೊಬ್ಬ. ಆಮೇಲೆ ಬಾಂಡ್ ಪೇಪರ್ ಕೊಳ್ಳಬೇಕು, ನೋಟರಿ ಹುಡುಕಬೇಕು, ಇವರಿಬ್ಬರೂ ಒಬ್ಬನೇ ಎಂದು ಅವನೇ ಪ್ರಮಾಣ ಮಾಡಬೇಕು. ಆ ಪ್ರಮಾಣಪತ್ರವನ್ನು ಎಲ್ಲಿ ಟೈಪ್ ಮಾಡುತ್ತಾರೆ ಎಂದು ಕೇಳಬೇಡಿ. ಅದರಲ್ಲೂ ಅರ್ಕಾವೊತ್ತು ಬೇಕಲ್ಲ.

ನಿಜಾಮನ ಕಾಲದ ಉರ್ದು ದಸ್ತಾವೇಜು ಟ್ರಂಕಿನಿಂದ ತೆಗೆದರೆ ಓದಿ ಹೇಳುವ ಮುದುಕರು ಇನ್ನೂ ಸಿಗುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಫ್ಲಾಪಿಯಲ್ಲಿಟ್ಟ ಕನ್ನಡದ ಕಡತ ಓದಿ ಹೇಳುವ ಯಂತ್ರ ಸಿಗುವುದಿಲ್ಲ.

ಇನ್ನೂ ಹಳೆಯದು ಬೇಕೇ? ಚಿತ್ತಾಪುರ ತಾಲ್ಲೂಕಿನಲ್ಲೇ ಭೀಮಾ ದಡದ ಸನ್ನತಿ ಇದೆ. ಚಂದ್ರಲಾಂಬೆಯ ದರ್ಶನಕ್ಕೆ ಎಲ್ಲರೂ ಹೋಗಿ ಬಂದವರೇ. ಅಲ್ಲಿಯ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ವಿಗ್ರಹದ ಪೀಠವೆಂದುಕೊಂಡಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ. ಕ್ರಿಸ್ತಪೂರ್ವ 3ನೇ ಶತಮಾನದ್ದು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ವಿಗ್ರಹ ನಿಲ್ಲಿಸಲು ಯಾರೋ ನಡುವೆ ತೂತು ಕೊರೆದಿದ್ದರು. ತೂತು ಬಿಟ್ಟು ಉಳಿದದ್ದನ್ನು ಬಲ್ಲವರು ಓದಿದರು. ಫಾಂಟ್ ಕೇಳಲಿಲ್ಲ.

ಆ ಕಲ್ಲಿನ ಮೇಲೆ ಅಶೋಕನ 12ನೆಯ ಶಾಸನ ಇದೆ. 14ನೆಯದೂ ಇದೆ. 12ನೆಯದರ ಸಾರ ಹೀಗಿದೆ: ತನ್ನ ಪಂಥವನ್ನೇ ಹೊಗಳಿಕೊಂಡು ಇನ್ನೊಬ್ಬರ ಪಂಥವನ್ನು ಹೊತ್ತು ಗೊತ್ತಿಲ್ಲದೆ ಹಳಿಯಬಾರದು, ನಾಲಿಗೆ ಹತೋಟಿಯಲ್ಲಿರಬೇಕು. 14ನೆಯದರಲ್ಲಿ ಒಂದು ಜಾಣತನದ ಮಾತಿದೆ: ಕೆಲವು ಕಡೆ ಬರಹ ಅಪೂರ್ಣವಾಗಿ ಕಂಡರೆ ಅದು ಲಿಪಿಕಾರನ ತಪ್ಪೂ ಇರಬಹುದು.

ನಮ್ಮ ಮಣ್ಣಿಗೆ ಎರಡು ಸಾವಿರ ವರ್ಷ ಹಿಂದೆಯೇ ಎರಡೂ ಮಾತು ಬಂದಿದ್ದವು. ನಾವು ಪಾಲಿಸಿದ್ದು ಎರಡನೆಯದನ್ನು ಮಾತ್ರ. ಪಂಥ ಹಳಿಯುವುದು ನಿಲ್ಲಲಿಲ್ಲ. ಆದರೆ ಹೆಸರು ತಪ್ಪಿದಾಗ ಸಾಹೇಬರು ಕೈ ತೋರಿಸುವುದು ಇವತ್ತಿಗೂ ಆಪರೇಟರ್ ಕಡೆಗೇ. ಚಕ್ರವರ್ತಿಯೇ ಮೇಲ್ಪಂಕ್ತಿ ಹಾಕಿಕೊಟ್ಟ ಮೇಲೆ ಸಾಹೇಬರ ತಪ್ಪೇನು?

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬನ್ನಿ. ಕಾಗಿಣಾ ದಡದ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗ ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕವೇ ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬ ತಕರಾರಿನದು. ನೋಡಿ, ರೋಗ ಹಳೆಯದು.

ಆದರೆ ಶ್ರೀವಿಜಯನಿಗೂ ಇವತ್ತಿನ ಮಠದವರಿಗೂ ಒಂದು ವ್ಯತ್ಯಾಸ ಇದೆ. ತಿರುಳುಗನ್ನಡದ ನಾಡು ಯಾವುದು ಎಂದು ಅವನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು ಅಂದ. ಮಾನ್ಯಖೇಟದ ಹೆಸರು ಪಟ್ಟಿಯಲ್ಲಿಲ್ಲ. ರಾಜಧಾನಿಯಲ್ಲಿ ಕೂತು, ರಾಜನ ಅನ್ನ ಉಂಡು, ಒಳ್ಳೆಯ ಕನ್ನಡ ಬೇರೆ ಊರಲ್ಲಿದೆ ಎಂದು ಬರೆದ. ರಾಜ ಅದನ್ನು ಒಪ್ಪಿದ. ಇವತ್ತು ವಿಎಸ್ ಕೋಡಿನವನ ಎದುರು ಈಮ್ಯಾಕ್ಸ್ ಒಳ್ಳೆಯದು ಅನ್ನಿ, ಗ್ರೂಪಿನಿಂದ ಎತ್ತಿ ಬಿಸಾಕುತ್ತಾನೆ.

ಆ ಪಟ್ಟಿಯ ಶಾಪ ಇನ್ನೂ ಬಿಟ್ಟಿಲ್ಲವೇನೋ. ಮೊಬೈಲಿಗೆ ಮಾತಾಡಿದರೆ ಅದೇ ಟೈಪ್ ಮಾಡುತ್ತದೆ ಎಂದು ಜಾಹೀರಾತು ಹಾಕುತ್ತಾರೆ. ಚಿಂಚೋಳಿಯ ಮುದುಕಿ ‘ಹೊಂಟೀನಿ, ಬರ್ತೀನಿ ತಡಿ’ ಅಂದು ನೋಡಲಿ. ಅದು ಏನೇನೋ ಬರೆಯುತ್ತದೆ. ಬೆಂಗಳೂರಿನ ಕನ್ನಡವನ್ನೇ ಕನ್ನಡವೆಂದು ಕಲಿತ ಯಂತ್ರಕ್ಕೆ ನಮ್ಮ ಮಾತು ಗದ್ದಲದ ಹಾಗೆ ಕೇಳುತ್ತದೆ. ಇದನ್ನು ಸರಿಪಡಿಸುವ ವಿದ್ಯೆ ಇರುವವರು ಚಹಾದಂಗಡಿಯಲ್ಲೇ ಕೂತಿದ್ದಾರೆ. ಅವರಿಗೆ ಪುರುಸೊತ್ತಿಲ್ಲ. ಚರ್ಚೆ ನಡೆದಿದೆ.

ಚರ್ಚೆಗೂ ಈಗ ಹೊಸ ಕಳೆ ಬಂದಿದೆ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಎಡಿಟರೇ ಕೋಡ್ ಬರೆದುಕೊಡುತ್ತದೆ. ಇವರು ಬರೆಯುವುದೇ ಕಡಿಮೆಯಾಗಿದೆ. ಬರೆಯದೆ ಇರಲು ಯಾವ ಎಡಿಟರ್ ಶ್ರೇಷ್ಠ ಎಂಬುದು ಈ ವರ್ಷದ ವಿಷಯ.

ಇಷ್ಟೂ ಪಂಥಗಳ ಒಳಹೊರಗು ಬಲ್ಲ ಒಬ್ಬಳನ್ನು ನಾನು ಬಲ್ಲೆ. ಬಸ್‌ಸ್ಟ್ಯಾಂಡಿನ ಎದುರಿನ ಸಣ್ಣ ಅಂಗಡಿಯಲ್ಲಿ ಟೈಪ್ ಮಾಡುವ ಹುಡುಗಿ. ವಕೀಲರಿಗೆ ನುಡಿ. ಮಾಸ್ತರರಿಗೆ ಬರಹ. ಕಾಲೇಜು ಹುಡುಗರಿಗೆ ಯೂನಿಕೋಡ್. ಲಗ್ನಪತ್ರಿಕೆಗೆ ಪೇಜ್‌ಮೇಕರ್ ಮತ್ತು ಶ್ರೀಲಿಪಿ. ಒಂದೇ ಕುರ್ಚಿ, ಒಂದೇ ಕೀಲಿಮಣೆ, ಗುಂಡಿಗಳ ಮೇಲಿನ ಅಕ್ಷರ ಅಳಿಸಿ ಎಷ್ಟೋ ಕಾಲವಾಗಿದೆ. ನೋಡದೆಯೇ ಹೊಡೆಯುತ್ತಾಳೆ. ಎಫ್ ಎಲ್ಲಿ ಒತ್ತು, ಡಿ ಎಲ್ಲಿ ಒತ್ತು, ಅವಳ ಬೆರಳಿಗೆ ಗೊತ್ತು. ಯಾವ ಸಮಿತಿಗೂ ಅವಳನ್ನು ಕರೆದಿಲ್ಲ. ಯಾವ ಚರ್ಚೆಯಲ್ಲೂ ಅವಳ ಅಭಿಪ್ರಾಯ ಕೇಳಿಲ್ಲ.

ಈ ಲೇಖನ ಪ್ರಿಂಟ್ ತೆಗೆಸಲು ಹೋದಾಗ ನಾನೇ ಕೇಳಿದೆ.

‘ತಂಗಿ, ಎಲ್ಲಾನೂ ಬಲ್ಲಾಕಿ ನೀನು. ಖರೇ ಹೇಳು, ಯಾವುದು ಛಲೋ?’

‘ಯಾರು ರೊಕ್ಕ ಲಗೂ ಕೊಡ್ತಾರ, ಅವರದೇ ಛಲೋ ಕಾಕಾ.’

ಪೆನ್‌ಡ್ರೈವ್ ಹಾಕಿ ಕಡತ ತೆರೆದಳು. ಮುಖ ಸಣ್ಣದು ಮಾಡಿದಳು.

‘ಇದು ಯೂನಿಕೋಡ್‌ದಾಗ ಅದ ಕಾಕಾ. ಪ್ರೆಸ್‌ನವರು ನುಡಿ ಕೇಳ್ತಾರ. ಬದಲಿ ಮಾಡ್ಲಿಕ್ಕ ಪುಟಕ್ಕ ಹತ್ತು ರೂಪಾಯಿ ಬ್ಯಾರೆ. ಅರ್ಕಾವೊತ್ತು ಹಾರಿದ್ರ ನನಗ ಅನಬ್ಯಾಡ್ರಿ ಮತ್ತ.’